ಮಕ್ಕಳ ಗೊರಕೆ ಗಾಢ ನಿದ್ರೆಯ ಲಕ್ಷಣವಲ್ಲ

ಬೇಸಿಗೆ ರಜೆ ಬಿದ್ದೊಡನೆ ಮುಂಬಯಿಯ ತುಳು-ಕನ್ನಡಿಗರ ಮನೆಗಳಲ್ಲಿ ಊರಿನ ಪಯಣದ ಸಡಗರ. ಕುರ್ಲಾದಿಂದ ಹೊರಟ ಮತ್ಸ್ಯಗಂಧಾ ರೈಲು ರತ್ನಾಗಿರಿ ದಾಟಿ, ಊಟದ ಡಬ್ಬಿಗಳೆಲ್ಲ ಮುಚ್ಚಿ, ಬೋಗಿಯ ದೀಪಗಳು ಆರಿದ ಮೇಲೆ ಒಂದು ಬರ್ತ್‌ನಿಂದ ಗೊರಕೆ ಕೇಳಿಬರುತ್ತದೆ. ಅದು ಅಜ್ಜನದಲ್ಲ, ಐದು ವರ್ಷದ ಮೊಮ್ಮಗನದು. ಸಹಪ್ರಯಾಣಿಕರು ನಗುತ್ತಾರೆ, ‘ಪಾಪ, ದಣಿದಿದ್ದಾನೆ, ಒಳ್ಳೆಯ ನಿದ್ದೆ’ ಎನ್ನುತ್ತಾರೆ. ಊರು ಮುಟ್ಟಿದ ಮೇಲೆ ಅದೇ ಮಗುವಿನ ಪಕ್ಕದಲ್ಲಿ ಮಲಗಿದ ಅಜ್ಜಿ ಮಾತ್ರ ಬೆಳಿಗ್ಗೆ ಬೇರೆಯೇ ಮಾತು ಹೇಳುತ್ತಾರೆ. ಮಗು ರಾತ್ರಿಯಿಡೀ ಬಾಯಿ ತೆರೆದೇ ಮಲಗಿತ್ತು, ದಿಂಬು ಜೊಲ್ಲಿನಿಂದ ಒದ್ದೆಯಾಗಿತ್ತು, ನಡುನಡುವೆ ಉಸಿರು ನಿಂತಂತಾಗಿ ಒಮ್ಮೆಲೇ ಬೆಚ್ಚಿ ಹೊರಳುತ್ತಿತ್ತು ಎಂದು.

ಒಂದೇ ಕೋಣೆಯಲ್ಲಿ ಮಲಗುವ ಹೆತ್ತವರಿಗೆ ಇದು ತಿಳಿಯದೆ ಹೋದುದೇಕೆ ಎಂದು ಕೇಳಿದರೆ ಉತ್ತರ ಸುಲಭ. ಫ್ಯಾನಿನ ಸದ್ದು, ಹೊರಗಿನ ರಸ್ತೆಯ ಸದ್ದು, ದಿನವೂ ಕೇಳಿ ಕೇಳಿ ಕಿವಿಗೆ ಅಭ್ಯಾಸವಾದ ಗೊರಕೆ. ವರ್ಷಕ್ಕೊಮ್ಮೆ ನೋಡುವ ಅಜ್ಜಿಯ ಕಣ್ಣಿಗೆ ಬಿದ್ದುದು ದಿನವೂ ನೋಡುವವರ ಕಣ್ಣಿಗೆ ಬೀಳದಿರುವುದು ಸಹಜವೇ. ಇಂಥ ಮಕ್ಕಳಲ್ಲಿ ಹೆಚ್ಚಿನವರ ತೊಂದರೆಗೆ ಕಾರಣ ಮೂಗಿನ ಹಿಂಬದಿಯಲ್ಲಿ ಊದಿಕೊಂಡ ಅಡಿನಾಯ್ಡ್.

ಟಾರ್ಚ್ ಹಾಕಿದರೂ ಕಾಣದ ಅಂಗ

ಟಾನ್ಸಿಲ್ ಎಂದರೆ ಎಲ್ಲರಿಗೂ ಗೊತ್ತು. ಬಾಯಿ ತೆರೆಸಿ ಟಾರ್ಚ್ ಹಾಕಿದರೆ ಕಿರುನಾಲಗೆಯ ಎಡಬಲಗಳಲ್ಲಿ ಎರಡು ಉಂಡೆಗಳಂತೆ ಕಾಣುತ್ತದೆ. ಅಡಿನಾಯ್ಡ್ ಅದೇ ಜಾತಿಯ ಅಂಗಾಂಶವಾದರೂ ಇರುವುದು ಕಿರುನಾಲಗೆಯ ಮೇಲೆ, ಮೂಗಿನ ದಾರಿ ಗಂಟಲಿಗೆ ಇಳಿಯುವ ತಿರುವಿನಲ್ಲಿ. ಹಾಗಾಗಿ ಬಾಯಿಯಿಂದ ನೋಡಿದರೆ ಕಾಣದು. ‘ಗಂಟಲು ನೋಡಿಸಿದ್ದೇವೆ, ಏನೂ ಇಲ್ಲವಂತೆ’ ಎಂದು ಸಮಾಧಾನಪಟ್ಟುಕೊಳ್ಳುವ ಹೆತ್ತವರು ಇದನ್ನು ಗಮನಿಸಬೇಕು.

ಉಸಿರಿನೊಡನೆ ಬರುವ ರೋಗಾಣುಗಳನ್ನು ಗುರುತಿಸಿ, ಎಳೆಯ ದೇಹಕ್ಕೆ ರೋಗನಿರೋಧದ ಪಾಠ ಕಲಿಸುವುದು ಅಡಿನಾಯ್ಡ್‌ನ ಕೆಲಸ. ಆದುದರಿಂದ ಅದು ಇರುವುದೇ ರೋಗವಲ್ಲ. ಹುಟ್ಟುವಾಗ ಚಿಕ್ಕದಾಗಿರುವ ಇದು ಎರಡು ವರ್ಷದ ಬಳಿಕ ವೇಗವಾಗಿ ಬೆಳೆದು, ಐದಾರು ವರ್ಷದ ಹೊತ್ತಿಗೆ ಮೂಗಿನ ಹಿಂದಿನ ಜಾಗಕ್ಕೆ ಹೋಲಿಸಿದರೆ ಅತಿ ದೊಡ್ಡದಾಗಿರುತ್ತದೆ. ಏಳೆಂಟರ ನಂತರ ಕುಗ್ಗತೊಡಗಿ ಹದಿಹರೆಯದಲ್ಲಿ ಬಹುತೇಕ ಮಾಯವಾಗುತ್ತದೆ. ಬಾಲವಾಡಿ, ನರ್ಸರಿ ಸೇರಿದ ಮೊದಲ ವರ್ಷಗಳಲ್ಲಿ ಪದೇ ಪದೇ ಶೀತ, ಅಲರ್ಜಿ, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಸ್ಟು, ಸೊಳ್ಳೆ ಬತ್ತಿಯ ಹೊಗೆ, ಮನೆಯೊಳಗೆ ಸೇದುವ ಸಿಗರೇಟಿನ ಹೊಗೆ ಇವೆಲ್ಲ ಸೇರಿ ಮೂಗಿನ ಒಳಪದರವನ್ನು ಕೆರಳಿಸುತ್ತವೆ. ದಾರಿ ಕಿರಿದು, ಅಡ್ಡಿ ಹಿರಿದು. ಮಗುವಿಗೆ ಉಳಿಯುವುದು ಬಾಯಿಯಿಂದ ಉಸಿರಾಡುವ ಮಾರ್ಗವೊಂದೇ.

ಈ ತೊಂದರೆಯನ್ನು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ವೈದ್ಯ ವಿಲ್ಹೆಲ್ಮ್ ಮೇಯರ್, 1868ರಲ್ಲಿ. ಅವರು ಕಿವಿಯ ವೈದ್ಯರಾಗಿದ್ದರು ಎಂಬುದು ಗಮನಾರ್ಹ. ಕಿವಿ ಮಂದವಾದ, ಮಾತು ಸತ್ತಂತೆ ಕೇಳಿಸುವ ರೋಗಿಗಳ ಅಂಗುಳದ ಹಿಂದಕ್ಕೆ ಬೆರಳು ಹಾಕಿ ಪರೀಕ್ಷಿಸಿದಾಗ ಅವರ ಕೈಗೆ ತಾಗಿದ್ದು ಈ ಊತ. ಇಂದಿಗೂ ಅಡಿನಾಯ್ಡ್‌ನ ಕತೆಯಲ್ಲಿ ಮೂಗಿಗಿಂತ ಕಿವಿ ಮತ್ತು ಮಾತಿನ ಅಧ್ಯಾಯವೇ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗಿದೆ. ಹೊರನಾಡ ಕನ್ನಡಿಗರ ಮನೆಗಳಲ್ಲಂತೂ ಅದಕ್ಕೆ ಇನ್ನೊಂದು ತಿರುವು ಇದೆ.

‘ಅಮ್ಮ’ ಎನ್ನಲು ಹೋದರೆ ‘ಅಬ್ಬ’

ಕನ್ನಡದ ಙ, ಞ, ಣ, ನ, ಮ ಅಕ್ಷರಗಳಿಗೆ ಅನುನಾಸಿಕಗಳೆಂಬ ಹೆಸರು ಸುಮ್ಮನೆ ಬಂದುದಲ್ಲ. ಇವನ್ನು ಹೇಳುವಾಗ ಗಾಳಿ ಮೂಗಿನ ಮೂಲಕ ಹೋಗಬೇಕು. ಆ ದಾರಿ ಮುಚ್ಚಿದ ಮಗುವಿನ ಬಾಯಲ್ಲಿ ‘ಅಮ್ಮ’ ಎಂಬುದು ‘ಅಬ್ಬ’ ಎಂದೂ, ‘ಮನೆ’ ಎಂಬುದು ‘ಬದೆ’ ಎಂದೂ, ‘ನಾನು’ ಎಂಬುದು ‘ದಾದು’ ಎಂದೂ ಕೇಳಿಸುತ್ತದೆ. ಭಾರೀ ಶೀತವಾದಾಗ ಎಲ್ಲರೂ ಹೀಗೆಯೇ ಮಾತನಾಡುತ್ತಾರೆ. ಆದರೆ ಶೀತವಿಲ್ಲದ ದಿನಗಳಲ್ಲೂ ತಿಂಗಳುಗಟ್ಟಲೆ ಹೀಗಿದ್ದರೆ ಅದನ್ನು ಮುದ್ದು ಮಾತೆಂದು ಮೊಬೈಲಿನಲ್ಲಿ ಚಿತ್ರೀಕರಿಸಿ ಬಂಧುಗಳಿಗೆ ಕಳುಹಿಸಿ ಸುಮ್ಮನಾಗುವುದು ಸರಿಯಲ್ಲ. ತುಟಿ ಮುಚ್ಚಿ ‘ಮ್...’ ಎಂದು ಗುನುಗಲು ಹೇಳಿ ನೋಡಬಹುದು. ತಣ್ಣಗಿನ ಸ್ಟೀಲ್ ಚಮಚವನ್ನು ಮೂಗಿನ ಕೆಳಗೆ ಹಿಡಿದರೆ ಎರಡೂ ಹೊಳ್ಳೆಗಳ ಉಸಿರಿನ ಮಂಜು ಅದರ ಮೇಲೆ ಕಾಣಬೇಕು. ಇವು ಕೇವಲ ಸೂಚನೆಗಳು, ರೋಗ ನಿರ್ಣಯವಲ್ಲ.

ಇದಕ್ಕಿಂತ ಗಂಭೀರವಾದುದು ಕೇಳಿಸಿಕೊಳ್ಳುವ ಸಮಸ್ಯೆ. ಮಧ್ಯಕಿವಿಗೆ ಗಾಳಿ ಒದಗಿಸುವ ಸಣ್ಣ ನಳಿಕೆ ತೆರೆದುಕೊಳ್ಳುವುದು ಅಡಿನಾಯ್ಡ್‌ನ ಪಕ್ಕದಲ್ಲೇ. ಮಕ್ಕಳಲ್ಲಿ ಈ ನಳಿಕೆ ಗಿಡ್ಡ, ಇಳಿಜಾರೂ ಕಡಿಮೆ. ಅದು ಸರಿಯಾಗಿ ಕೆಲಸ ಮಾಡದಿದ್ದರೆ ಕಿವಿಯ ತಮಟೆಯ ಹಿಂದೆ ಅಂಟಿನಂಥ ದ್ರವ ತುಂಬುತ್ತದೆ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದೂ ಇಲ್ಲ. ಕೇಳುವಿಕೆ ಮಾತ್ರ ಸಾಮಾನ್ಯವಾಗಿ 20ರಿಂದ 30 ಡೆಸಿಬಲ್‌ನಷ್ಟು ಕುಸಿಯುತ್ತದೆ. ಎರಡೂ ಕಿವಿಗಳಿಗೆ ಬೆರಳಿಟ್ಟುಕೊಂಡು ತರಗತಿಯಲ್ಲಿ ಕುಳಿತಂತೆ ಎಂದರೆ ತಪ್ಪಾಗಲಾರದು. ಗಟ್ಟಿ ಮಾತು ಕೇಳಿಸುತ್ತದೆ, ಮೆಲುಮಾತು ಜಾರಿಹೋಗುತ್ತದೆ. ಕನ್ನಡದಲ್ಲಿ ಬಂದೆ, ಬಂದ, ಬಂದಳು, ಬಂದರು ಎಂಬ ವ್ಯತ್ಯಾಸವೆಲ್ಲ ಇರುವುದು ಪದದ ಬಾಲದಲ್ಲಿ. ಆ ಬಾಲವನ್ನು ಮಾತನಾಡುವವರು ಮೆಲ್ಲಗೆ ನುಂಗುತ್ತಾರೆ. ಅರ್ಧಂಬರ್ಧ ಕೇಳಿಸಿಕೊಂಡ ಮಗು ಅರ್ಧಂಬರ್ಧವೇ ಆಡುತ್ತದೆ.

ಇಲ್ಲಿ ಬರುತ್ತದೆ ವಲಸಿಗರ ಮನೆಯ ಸಂಕಟ. ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದ ಅಂಗಳದಲ್ಲಿ ಮರಾಠಿ ಮತ್ತು ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗುವಿನ ಮಾತು ಹಿಂದೆ ಬಿದ್ದರೆ ಎಲ್ಲರ ಬೆರಳು ತಿರುಗುವುದು ಭಾಷೆಗಳ ಕಡೆಗೆ. ‘ಇಷ್ಟೊಂದು ಭಾಷೆ ಮಗುವಿಗೆ ಹೊರೆಯಾಗುತ್ತಿದೆ, ಮನೆಯಲ್ಲೂ ಇಂಗ್ಲಿಷನ್ನೇ ಮಾತಾಡಿ’ ಎಂಬ ಸಲಹೆ ಶಾಲೆಯ ಪಾಲಕರ ಸಭೆಯಲ್ಲಿ ಕೇಳಿಬರುವುದುಂಟು. ಸಲಹೆ ಕೊಟ್ಟವರದು ಕೆಟ್ಟ ಉದ್ದೇಶವೇನಲ್ಲ. ಅಂದಿನಿಂದ ಆ ಮನೆಯಲ್ಲಿ ಅಜ್ಜಿಯೊಡನೆ ಮಗು ಆಡುತ್ತಿದ್ದ ಕನ್ನಡ ನಿಲ್ಲುತ್ತದೆ, ಕಿವಿಯಲ್ಲಿನ ದ್ರವ ಮಾತ್ರ ಹಾಗೆಯೇ ಉಳಿಯುತ್ತದೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದರಿಂದ ಮಕ್ಕಳಿಗೆ ಮಾತಿನ ದೋಷ ಉಂಟಾಗುವುದಿಲ್ಲ ಎಂಬುದು ವಾಕ್-ಶ್ರವಣ ತಜ್ಞರು ಒಪ್ಪಿರುವ ವಿಷಯ. ಕೇಳುವಿಕೆಯ ಕೊರತೆ ಇದ್ದರೆ ಅದು ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಮಗು ಶಾಲೆಯಲ್ಲಿ ಇಂಗ್ಲಿಷಿಗೆ ‘ಆಂ?’ ಎನ್ನುವಂತೆ ಮನೆಯಲ್ಲಿ ಕನ್ನಡಕ್ಕೂ ‘ಆಂ?’ ಎನ್ನುತ್ತದೆ, ಟಿವಿಯ ಸದ್ದು ಏರಿಸುತ್ತದೆ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುವುದಿಲ್ಲ.

ಆದುದರಿಂದ ಮನೆಮಾತನ್ನು ಬಿಡಿಸುವ ಮೊದಲು ಕಿವಿ ಪರೀಕ್ಷೆ ಮಾಡಿಸುವುದು ನ್ಯಾಯ. ಶ್ರವಣ ಪರೀಕ್ಷೆಯೊಡನೆ ಟಿಂಪನೋಮೆಟ್ರಿ ಎಂಬ ಸರಳ ಪರೀಕ್ಷೆ ಮಾಡಿದರೆ ತಮಟೆಯ ಹಿಂದೆ ದ್ರವ ಇದೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಸೂಜಿ ಇಲ್ಲ, ನೋವಿಲ್ಲ. ಮುಂಬಯಿಯಲ್ಲಿ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್-ಶ್ರವಣ ಸಂಸ್ಥೆ 1983ರಿಂದ ಈ ಕ್ಷೇತ್ರದಲ್ಲಿದೆ. ಸಯನ್, ಪರೇಲಿನ ಕೆಇಎಂ, ನಾಯರ್ ಮೊದಲಾದ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಕನ್ನಡದಲ್ಲೇ ಮಾತಿನ ಪರೀಕ್ಷೆ ಆಗಬೇಕೆನ್ನುವವರು ಊರಿನ ಕಡೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು. 1965ರಲ್ಲಿ ಆರಂಭವಾದ ಸಂಸ್ಥೆಯದು.

ಚಿತ್ರದಲ್ಲಿ ದೊಡ್ಡದಾದರೆ ಸಾಲದು

ವೈದ್ಯರ ಬಳಿ ಹೋದಾಗ ಕತ್ತಿನ ಪಕ್ಕದಿಂದ ಎಕ್ಸ್‌ರೇ ತೆಗೆಸುವುದು ಅಥವಾ ಮೂಗಿನೊಳಗೆ ತೆಳು ದುರ್ಬೀನು ಇಳಿಸಿ ನೋಡುವುದು ರೂಢಿ. ಎಕ್ಸ್‌ರೇ ವರದಿಯಲ್ಲಿ ‘ದಾರಿಯ ಬಹುಭಾಗ ಮುಚ್ಚಿದೆ’ ಎಂದು ಓದಿದೊಡನೆ ಮನೆಮಂದಿಯ ಎದೆ ಬಡಿತ ಏರುತ್ತದೆ. ಮಗು ಅಳುತ್ತಿದ್ದರೆ, ಬಾಯಿ ತೆರೆದಿದ್ದರೆ, ಕತ್ತು ಸ್ವಲ್ಪ ಬಾಗಿದ್ದರೆ ಆ ಚಿತ್ರದ ಅಳತೆ ಬದಲಾಗುತ್ತದೆ ಎಂಬುದು ತಿಳಿದಿರಲಿ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಗಾತ್ರವೊಂದೇ ತೀರ್ಮಾನಿಸದು. ರಾತ್ರಿ ನಿದ್ರೆ ಹೇಗಿದೆ, ಕಿವಿ ಹೇಗಿದೆ, ಮಗುವಿನ ಬೆಳವಣಿಗೆ ಹೇಗಿದೆ ಎಂಬುದೇ ಮುಖ್ಯ.

ವಾರದಲ್ಲಿ ಮೂರಕ್ಕಿಂತ ಹೆಚ್ಚು ರಾತ್ರಿ ಗೊರಕೆ, ಉಸಿರು ನಿಂತು ಮತ್ತೆ ಏದುಸಿರು ಬಿಡುವುದು, ಕತ್ತನ್ನು ಹಿಂದಕ್ಕೆ ಚಾಚಿ ಮಲಗುವುದು, ವಿಪರೀತ ಬೆವರು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಬೆಳಿಗ್ಗೆ ತಲೆನೋವು ಇವು ನಿದ್ರೆಯಲ್ಲಿ ಉಸಿರು ಕಟ್ಟುವ ಲಕ್ಷಣಗಳು. ದೊಡ್ಡವರಾದರೆ ಹಗಲು ತೂಕಡಿಸುತ್ತಾರೆ. ಮಕ್ಕಳು ಅದಕ್ಕೆ ಬದಲಾಗಿ ಚಡಪಡಿಸುತ್ತಾರೆ, ಹಟ ಮಾಡುತ್ತಾರೆ, ಪಾಠದಲ್ಲಿ ಗಮನ ಕಳೆದುಕೊಳ್ಳುತ್ತಾರೆ. ‘ತುಂಟ’ ಎಂಬ ಬಿರುದು ಹೊತ್ತ ಎಷ್ಟೋ ಮಕ್ಕಳು ನಿಜಕ್ಕೂ ನಿದ್ದೆಗೆಟ್ಟವರು. ವೈದ್ಯರ ಮುಂದೆ ಇದನ್ನೆಲ್ಲ ಬಾಯಲ್ಲಿ ವರ್ಣಿಸುವುದಕ್ಕಿಂತ ಮಗು ಮಲಗಿರುವಾಗ ಎದೆ ಮತ್ತು ಮುಖ ಕಾಣುವಂತೆ ಎರಡು ನಿಮಿಷದ ವೀಡಿಯೊ ತೆಗೆದುಕೊಂಡು ಹೋಗುವುದು ಹೆಚ್ಚು ಪ್ರಯೋಜನಕಾರಿ. ಎರಡು ವರ್ಷದೊಳಗಿನ ಮಕ್ಕಳು, ತೀರಾ ದಪ್ಪಗಿರುವ ಮಕ್ಕಳು, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪತ್ರೆಯಲ್ಲಿ ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆ ಮಾಡಿಸುವಂತೆ ಸೂಚಿಸಲಾಗುತ್ತದೆ.

ಮೊದಲು ಉಪ್ಪುನೀರು

ಲಕ್ಷಣ ಸೌಮ್ಯವಾಗಿದ್ದರೆ ಕಾಯುವುದೂ ಚಿಕಿತ್ಸೆಯೇ. ಕಿವಿಯ ದ್ರವವೂ ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಆರುವುದರಿಂದ ಅಷ್ಟು ಸಮಯ ಕಾದು ಮತ್ತೊಮ್ಮೆ ಪರೀಕ್ಷಿಸುವುದು ವಾಡಿಕೆ. ಆ ಅವಧಿಯಲ್ಲಿ ಮಗುವನ್ನು ತರಗತಿಯ ಮುಂದಿನ ಬೆಂಚಿನಲ್ಲಿ ಕೂರಿಸುವಂತೆ ಶಿಕ್ಷಕರಿಗೆ ತಿಳಿಸಬೇಕು.

ಔಷಧಿಗಳಲ್ಲಿ ಅತ್ಯಂತ ಅಗ್ಗದ್ದು ಔಷಧಿ ಅಂಗಡಿಯಲ್ಲಿ ಸಿಗುವ ಶುದ್ಧ ಉಪ್ಪುನೀರಿನ ಸ್ಪ್ರೇ ಅಥವಾ ಹನಿ. ಇದು ನೆಪಮಾತ್ರದ ಚಿಕಿತ್ಸೆಯಲ್ಲ. ಆಸ್ಟ್ರೇಲಿಯಾದಲ್ಲಿ 3ರಿಂದ 12 ವರ್ಷದ 276 ಗೊರಕೆಯ ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳಿಗೆ ಸ್ಟಿರಾಯ್ಡ್ ಸ್ಪ್ರೇಯನ್ನೂ ಉಳಿದವರಿಗೆ ಬರೇ ಉಪ್ಪುನೀರನ್ನೂ ಆರು ವಾರ ಕೊಡಲಾಯಿತು. ಎರಡೂ ಗುಂಪುಗಳಲ್ಲಿ ಶೇಕಡಾ 40ಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳ ಲಕ್ಷಣಗಳು ಹತೋಟಿಗೆ ಬಂದವು. ಅಂದರೆ ಉಪ್ಪುನೀರು ಹಿಂದೆ ಬೀಳಲಿಲ್ಲ.

ಅಲರ್ಜಿ ಜೋರಾಗಿದ್ದರೆ ಮೊಮೆಟಾಸೋನ್, ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್ ಸ್ಪ್ರೇಗಳನ್ನು ವೈದ್ಯರು ಬರೆದುಕೊಡುತ್ತಾರೆ. ಸ್ಟಿರಾಯ್ಡ್ ಎಂದೊಡನೆ ಹೆದರಿ ಎರಡೇ ದಿನಕ್ಕೆ ನಿಲ್ಲಿಸುವವರು ಒಂದು ಕಡೆ, ವೈದ್ಯರನ್ನು ಕೇಳದೆ ವರ್ಷಗಟ್ಟಲೆ ಮುಂದುವರಿಸುವವರು ಇನ್ನೊಂದು ಕಡೆ. ಇದರ ಪರಿಣಾಮ ಕಾಣಲು ವಾರಗಳು ಬೇಕು, ದೀರ್ಘಕಾಲ ಬಳಸಿದರೆ ಎತ್ತರದ ಬೆಳವಣಿಗೆಯ ಮೇಲೆ ಕಣ್ಣಿಡಬೇಕು. ಸ್ಪ್ರೇಯ ತುದಿಯನ್ನು ನಡುಗೋಡೆಯ ಕಡೆಗಲ್ಲ, ಹೊರಬದಿಗೆ, ಅದೇ ಬದಿಯ ಕಿವಿಯತ್ತ ತಿರುಗಿಸಿ ಹಿಡಿಯಬೇಕು. ಇಲ್ಲವಾದರೆ ಮೂಗಿನಲ್ಲಿ ರಕ್ತ ಬರುತ್ತದೆ. ಮಾಂಟೆಲುಕಾಸ್ಟ್ ಎಂಬ ಮಾತ್ರೆಯನ್ನೂ ಕೆಲವರಿಗೆ ಕೊಡುವುದುಂಟು. ಕೆಟ್ಟ ಕನಸು, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಯಂಥ ಅಡ್ಡಪರಿಣಾಮಗಳ ಕಾರಣ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದರ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಈ ಮಾತ್ರೆ ತೆಗೆದುಕೊಳ್ಳುವ ಮಗುವಿನ ಸ್ವಭಾವ ದಿಢೀರನೆ ಬದಲಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಇನ್ನು ಕಟ್ಟಿದ ಮೂಗನ್ನು ಕ್ಷಣದಲ್ಲಿ ಬಿಡಿಸುವ ಹನಿಗಳು. ಅವನ್ನು ಕೆಲವು ದಿನಗಳಿಗಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಪುಟ್ಟ ಮಕ್ಕಳಿಗೆ ದೊಡ್ಡವರ ಬಾಟಲಿಯಿಂದ ಹಾಕುವುದು ಅಪಾಯಕಾರಿ.

ಆಪರೇಷನ್ ಇಲ್ಲದೆ ಅಡಿನಾಯ್ಡ್ ಕರಗಿಸಿಕೊಡುತ್ತೇವೆ ಎನ್ನುವ ಫಲಕಗಳಿಗೆ ಉಪನಗರಗಳಲ್ಲಿ ಬರವಿಲ್ಲ. ಏಳೆಂಟು ವರ್ಷದ ನಂತರ ಅದು ತಾನಾಗಿ ಕುಗ್ಗುವ ಅಂಗವಾದುದರಿಂದ ಆ ಹೊತ್ತಿಗೆ ಯಾವ ಮದ್ದು ನಡೆಯುತ್ತಿರುತ್ತದೋ ಅದಕ್ಕೆ ಕೀರ್ತಿ ಸಲ್ಲುತ್ತದೆ. ಸೌಮ್ಯ ಲಕ್ಷಣದ ಮಗುವಿನ ವಿಷಯದಲ್ಲಿ ಇದರಿಂದ ಖರ್ಚಷ್ಟೇ ನಷ್ಟ. ರಾತ್ರಿ ಉಸಿರು ಕಟ್ಟುವ, ಕಿವಿ ಮಂದವಾದ ಮಗುವಿನ ವಿಷಯದಲ್ಲಿ ಕಳೆದುಹೋಗುವುದು ಭಾಷೆ ಕಲಿಯುವ ಎರಡು ಮೂರು ವರ್ಷಗಳು. ವರ್ಷಾನುಗಟ್ಟಲೆ ಬಾಯಿಯಲ್ಲೇ ಉಸಿರಾಡಿದ ಮಕ್ಕಳ ಮುಖ ಉದ್ದವಾಗಿ, ಅಂಗುಳ ಕಮಾನಿನಂತೆ ಮೇಲೇರಿ, ಮೇಲ್ಹಲ್ಲುಗಳು ಮುಂದಕ್ಕೆ ಬರುವುದೂ ಉಂಟು. ಬಳಿಕ ಅಡಿನಾಯ್ಡ್ ಕುಗ್ಗಿದರೂ ಹಲ್ಲಿನ ಸಾಲು ಹಿಂದಕ್ಕೆ ಹೋಗದು.

ಕತ್ತರಿ ಬೇಕಾದಾಗ

ನಿದ್ರೆಯಲ್ಲಿ ಉಸಿರು ಕಟ್ಟುತ್ತಿದ್ದರೆ, ಮೂರು ತಿಂಗಳು ಕಳೆದರೂ ಕಿವಿಯ ದ್ರವ ಆರದೆ ಕೇಳುವಿಕೆ ಕುಂದಿದ್ದರೆ, ಮದ್ದಿನಿಂದಲೂ ಮೂಗು ತೆರೆಯದಿದ್ದರೆ ಶಸ್ತ್ರಚಿಕಿತ್ಸೆಗೆ ಹಿಂಜರಿಯಬೇಕಾಗಿಲ್ಲ. ಪೂರ್ಣ ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ಅಡಿನಾಯ್ಡನ್ನು ತೆಗೆಯುತ್ತಾರೆ. ಹೊರಗೆ ಗಾಯವಾಗಲಿ ಹೊಲಿಗೆಯಾಗಲಿ ಇಲ್ಲ. ಹಳೆಯ ಕೆರೆಯುವ ಸಲಕರಣೆಯ ಜೊತೆಗೆ ಈಗ ದುರ್ಬೀನಿನಲ್ಲಿ ನೋಡುತ್ತಾ ತೆಗೆಯುವ ಮೈಕ್ರೋಡಿಬ್ರೈಡರ್, ಕೋಬ್ಲೇಶನ್ ವಿಧಾನಗಳು ಬಂದಿವೆ. ಯಾವ ಯಂತ್ರ ಎಂಬುದಕ್ಕಿಂತ ಮಕ್ಕಳ ಅರಿವಳಿಕೆಯಲ್ಲಿ ನುರಿತ ತಜ್ಞರು ಅಲ್ಲಿದ್ದಾರೆಯೇ ಎಂದು ವಿಚಾರಿಸುವುದು ಲೇಸು. ಕಿವಿಯ ದ್ರವವಿದ್ದರೆ ಅದೇ ಸಂದರ್ಭದಲ್ಲಿ ತಮಟೆಗೆ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಕೂರಿಸಬಹುದು. ಟಾನ್ಸಿಲ್ ಕೂಡ ದೊಡ್ಡದಾಗಿ ಉಸಿರಿಗೆ ಅಡ್ಡ ಬರುತ್ತಿದ್ದರೆ ಅದನ್ನೂ ತೆಗೆಯುತ್ತಾರೆ.

ಫಲ ಎಷ್ಟು? ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಸಿಕೊಂಡ ಮಕ್ಕಳಲ್ಲಿ ಶೇಕಡಾ 79ರಷ್ಟು ಮಂದಿಯ ನಿದ್ರಾ ಪರೀಕ್ಷೆ ಏಳು ತಿಂಗಳ ಬಳಿಕ ಸರಿಯಾಗಿತ್ತು. ವರ್ತನೆ, ನಿದ್ರೆ, ಜೀವನದ ಗುಣಮಟ್ಟ ಸುಧಾರಿಸಿತು. ಶಸ್ತ್ರಚಿಕಿತ್ಸೆ ಮಾಡಿಸದೆ ಕಾದವರಲ್ಲೂ ಶೇಕಡಾ 46ರಷ್ಟು ಮಂದಿಯ ಪರೀಕ್ಷೆ ಸರಿಯಾಗಿತ್ತು. ಗಮನಶಕ್ತಿಯನ್ನು ಅಳೆಯುವ ಪರೀಕ್ಷೆಯಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆಪರೇಷನ್ ಆದೊಡನೆ ಅಂಕಪಟ್ಟಿ ಬದಲಾಗುತ್ತದೆಂಬ ನಿರೀಕ್ಷೆ ಇಟ್ಟುಕೊಳ್ಳಬಾರದು. ಮತ್ತೊಂದು ಕಡೆ, ಡೆನ್ಮಾರ್ಕಿನ ಸುಮಾರು 12 ಲಕ್ಷ ಮಕ್ಕಳ ದಾಖಲೆಗಳನ್ನು ನೋಡಿದ 2018ರ ಅಧ್ಯಯನವೊಂದು ಎಳವೆಯಲ್ಲಿ ಈ ಅಂಗಗಳನ್ನು ತೆಗೆಸಿಕೊಂಡವರಲ್ಲಿ ಮುಂದೆ ಉಸಿರಾಟದ ಕಾಯಿಲೆಗಳು ಹೆಚ್ಚಾಗಿರುವುದನ್ನು ತೋರಿಸಿತು. ಆ ಮಕ್ಕಳು ಮೊದಲೇ ಕಾಯಿಲೆಗೆ ತುತ್ತಾಗುವವರಾಗಿದ್ದರೋ ಏನೋ, ಕಾರಣ ಇದೇ ಎಂದು ಅದರಿಂದ ಹೇಳಲಾಗದು. ಆದರೆ ಬೇಡದ ಅಂಗವೆಂದು ಸುಮ್ಮನೆ ತೆಗೆಸುವ ಕಾಲ ಹೋಯಿತು ಎಂಬುದು ನಿಜ.

ಆಪರೇಷನ್‌ಗೆ ಮೊದಲು ಕಿರುನಾಲಗೆ ಸೀಳಿದೆಯೇ, ಅಂಗುಳದಲ್ಲಿ ಮರೆಯಾದ ಸೀಳು ಇದೆಯೇ ಎಂದು ವೈದ್ಯರು ನೋಡಿಕೊಳ್ಳಬೇಕು. ಇದ್ದರೆ ಅಡಿನಾಯ್ಡ್ ತೆಗೆದ ಬಳಿಕ ಮಾತೆಲ್ಲ ಮೂಗಿನಲ್ಲೇ ಬರುವ, ಕುಡಿದ ನೀರು ಮೂಗಿಗೆ ಏರುವ ಅಪಾಯವಿದೆ. ಮನೆಯಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇದ್ದರೆ, ಮಗುವಿಗೆ ಹೊಸದಾಗಿ ಜ್ವರ-ಶೀತ ಬಂದಿದ್ದರೆ, ಹಾಲುಹಲ್ಲು ಅಲುಗುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ವೈಯಕ್ತಿಕ ಆರೋಗ್ಯ ವಿಮೆಯ ಹಲವು ಪಾಲಿಸಿಗಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಎರಡು ವರ್ಷದ ಕಾಯುವ ಅವಧಿ ಇರುವುದರಿಂದ ಕಾಗದಪತ್ರವನ್ನೂ ಮೊದಲೇ ಓದಿಕೊಳ್ಳುವುದು ಒಳಿತು.

ರಜೆ ಬಂದೊಡನೆ ಆಪರೇಷನ್ ಮುಗಿಸಿ, ಮರುದಿನವೇ ಊರಿನ ರೈಲು ಹತ್ತುವ ಯೋಜನೆ ಹಾಕುವವರಿದ್ದಾರೆ. ಇದು ಬೇಡ. ಹೆಚ್ಚಿನ ಮಕ್ಕಳು ಅದೇ ದಿನ ಅಥವಾ ಮರುದಿನ ಮನೆಗೆ ಮರಳಿ ಐಸ್‌ಕ್ರೀಮ್, ಗಂಜಿ ಎಂದು ಆರಾಮವಾಗಿರುತ್ತಾರಾದರೂ ರಕ್ತಸ್ರಾವದ ಭಯ ಕೆಲವು ದಿನ ಇರುತ್ತದೆ. ಟಾನ್ಸಿಲ್ ಕೂಡ ತೆಗೆದಿದ್ದರೆ ಐದರಿಂದ ಹತ್ತನೇ ದಿನದ ನಡುವೆ ಅದು ಹೆಚ್ಚು. ಕಣಿವೆ, ಸುರಂಗಗಳ ಕೊಂಕಣ ಹಾದಿಯಲ್ಲಿ ಮಧ್ಯರಾತ್ರಿ ಮಗು ರಕ್ತ ಕಾರಿದರೆ ಇಳಿದು ಹೋಗುವುದೆಲ್ಲಿಗೆ? ಎರಡು ವಾರ ಆಸ್ಪತ್ರೆಗೆ ಹತ್ತಿರವೇ ಇದ್ದು ಆಮೇಲೆ ಪ್ರಯಾಣ ಬೆಳೆಸುವುದು ಕ್ಷೇಮ. ನಿದ್ದೆಯಲ್ಲಿ ಮಗು ಪದೇ ಪದೇ ನುಂಗುತ್ತಿದ್ದರೆ ರಕ್ತ ಒಳಗಿಳಿಯುತ್ತಿರಬಹುದು. ಕೆಂಪು ರಕ್ತ ಕಂಡರೆ, ಕತ್ತು ಒಂದೇ ಕಡೆಗೆ ವಾಲಿ ನೇರವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಾಯಿ ವಾಸನೆ, ಸ್ವಲ್ಪ ಕಿವಿನೋವು, ಕೆಲವು ದಿನ ಬದಲಾದ ಧ್ವನಿ ಇವುಗಳಿಗೆ ಗಾಬರಿ ಬೇಡ.

ಕನ್ನಡ ಸಂಘಗಳು, ಜಾತೀಯ ಸಂಘಟನೆಗಳು ವರ್ಷಕ್ಕೊಮ್ಮೆ ಏರ್ಪಡಿಸುವ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣು ತಪಾಸಣೆ ತಪ್ಪುವುದಿಲ್ಲ. ಮಕ್ಕಳ ಕಿವಿಯ ಮೇಜು ಮಾತ್ರ ಅಪರೂಪ. ಟಿಂಪನೋಮೆಟ್ರಿಯ ಯಂತ್ರವನ್ನು ಕೈಯಲ್ಲೇ ಹಿಡಿದು ತರಬಹುದಾದುದರಿಂದ ಒಬ್ಬ ಶ್ರವಣ ತಜ್ಞರನ್ನು ಕರೆಸಿದರೆ ಸಭಾಗೃಹದ ಶಾಂತವಾದ ಒಂದು ಮೂಲೆಯಲ್ಲಿ ಒಂದೇ ಬೆಳಿಗ್ಗೆ ಹತ್ತಾರು ಮಕ್ಕಳನ್ನು ನೋಡಲು ಸಾಧ್ಯ. ಕನ್ನಡ ಕಲಿಕಾ ತರಗತಿ ನಡೆಸುವ ಸಂಘಗಳಿಗಂತೂ ಇದು ಹೊಂದಿಕೆಯಾಗುವ ಕೆಲಸ. ತರಗತಿಯಲ್ಲಿ ಹಿಂದುಳಿದ ಮಗು ಅಕ್ಷರ ಕಲಿಯದಿರುವುದು ಆಸಕ್ತಿಯಿಲ್ಲದೆಯೋ ಕೇಳಿಸದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಶಸ್ತ್ರಚಿಕಿತ್ಸೆ ಆದವರಿಗೂ ಕೆಲಸ ಅಲ್ಲಿಗೆ ಮುಗಿಯದು. ಎರಡು ಮೂರು ತಿಂಗಳ ಬಳಿಕ ಕಿವಿ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಎಳೆಯ ಮಕ್ಕಳಲ್ಲಿ ಅಡಿನಾಯ್ಡ್ ಮತ್ತೆ ಬೆಳೆಯುವುದು ಕೆಲವೊಮ್ಮೆ ಉಂಟು, ಅಲರ್ಜಿ ಇದ್ದವರಿಗೆ ಅದರ ಚಿಕಿತ್ಸೆ ಮುಂದುವರಿಯಬೇಕಾಗುತ್ತದೆ. ದಾರಿ ತೆರೆದ ಮೇಲೂ ಹಳೆಯ ಅಭ್ಯಾಸದಿಂದ ಬಾಯಿ ತೆರೆದೇ ಇರುವ ಮಕ್ಕಳಿಗೆ ತುಟಿ ಮುಚ್ಚಿ ಉಸಿರಾಡುವುದನ್ನು ನೆನಪಿಸುತ್ತಿರಬೇಕು. ಮಾತು ಹಿಂದುಳಿದಿದ್ದರೆ ವಾಕ್ ತಜ್ಞರ ಅಭ್ಯಾಸವನ್ನು ಕನ್ನಡ, ತುಳು, ಮರಾಠಿ ಹೀಗೆ ಮನೆಯಲ್ಲಿ ನಿಜವಾಗಿ ಆಡುವ ಭಾಷೆಯಲ್ಲೇ ಮಾಡಿಸಲು ಕೇಳಿಕೊಳ್ಳಬಹುದು. ‘ಮ’, ‘ನ’ಗಳನ್ನು ಒಳಗೊಂಡ ಪದಗಳಿಂದಲೇ ಅದನ್ನು ಆರಂಭಿಸುವುದುಂಟು. ಅಮ್ಮ, ಮಾಮ, ನಾನು, ನಮ್ಮ ಮನೆ.